ಮಂಡಿ ನೋವಿನ ಮಾತ್ರೆ ಅಪ್ಪನನ್ನು ಆಸ್ಪತ್ರೆ ಸೇರಿಸಿತು. ದಯವಿಟ್ಟು ಓದಿ

ಅಪ್ಪನಿಗೆ 63 ವರ್ಷ. ಕೋಲಾರದ ಪಕ್ಕದ ಹಳ್ಳಿಯಲ್ಲಿ ನಮ್ಮ ಟೊಮೆಟೊ ತೋಟ. ಈ ಬೇಸಿಗೆಯಲ್ಲಿ ಹಣ್ಣು ಬಿಡಿಸುವ ಹೊತ್ತಿಗೆ ಅವರ ಮಂಡಿ ಊದಿಕೊಂಡಿತು. ಎಪಿಎಂಸಿಯಲ್ಲಿ ಬಾಕ್ಸ್ ಇಳಿಸಿ ಬರುವಾಗ ಮೆಡಿಕಲ್ ಸ್ಟೋರಿನಲ್ಲಿ ನೋವಿನ ಮಾತ್ರೆ ಕೇಳಿದರು. ಡೈಕ್ಲೋಫೆನಾಕ್ 50 ಮಿಲಿಗ್ರಾಂ ಕೊಟ್ಟರು. "ದಿನಕ್ಕೆ ಎರಡು, ಊಟ ಆದ್ಮೇಲೆ ತಗೊಳ್ಳಿ ಯಜಮಾನ್ರೆ" ಅಂದರು, ಅಷ್ಟೆ. ಡಾಕ್ಟರ ಚೀಟಿ ಕೇಳಲಿಲ್ಲ. ಬೇರೆ ಮಾತ್ರೆ ಏನಾದರೂ ತಗೊಳ್ತೀರಾ ಅಂತಲೂ ಕೇಳಲಿಲ್ಲ. ಅಪ್ಪ ಎರಡು ವರ್ಷದಿಂದ ಹೃದಯಕ್ಕೆ ಅಂತ ದಿನಾ ಆಸ್ಪಿರಿನ್ ನುಂಗುತ್ತಿದ್ದರು.

ಮಾತ್ರೆ ಕೆಲಸ ಮಾಡಿತು. ಎರಡೇ ದಿನಕ್ಕೆ ಊತ ಇಳಿದು ಅಪ್ಪ ಸಾಲಿನೊಳಗೆ ಓಡಾಡಿದರು. ಅದಕ್ಕೇ ಬಿಡಲಿಲ್ಲ. ಮೂರು ವಾರ ನುಂಗಿದರು.

ಆಮೇಲೆ ಸುಸ್ತು ಶುರುವಾಯಿತು. "ಬಿಸಿಲು ಕಣಪ್ಪ" ಅಂದರು. ನಾಲ್ಕು ದಿನದಿಂದ ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ ಹೋಗುತ್ತಿತ್ತಂತೆ. ಯಾರಿಗೂ ಹೇಳಲಿಲ್ಲ. ಇಂಥದ್ದು ಹೇಳೋಕೆ ನಾಚಿಕೆ, ಅಲ್ವಾ? ಹೊಟ್ಟೆ ನೋವೂ ಇರಲಿಲ್ಲ. ಐದನೇ ದಿನ ಬೆಳಗ್ಗೆ ಬದುವಿನ ಮೇಲೆ ತಲೆ ಸುತ್ತಿ ಬಿದ್ದರು. ಆಸ್ಪತ್ರೆಯಲ್ಲಿ ನೋಡಿದರೆ ಹಿಮೋಗ್ಲೋಬಿನ್ 6.2, ಅಂದರೆ ಮೈಯಲ್ಲಿ ರಕ್ತ ತೀರಾ ಕಡಿಮೆ. ಎಂಡೋಸ್ಕೋಪಿ ಮಾಡಿದಾಗ ಹೊಟ್ಟೆಯೊಳಗೆ ಹುಣ್ಣು, ಅದರಿಂದ ರಕ್ತ ಸೋರುತ್ತಿತ್ತು. ಮಲ ಕಪ್ಪಾಗಿದ್ದು ಆ ರಕ್ತದಿಂದಲೇ. ಎರಡು ಬಾಟಲಿ ರಕ್ತ ಹಾಕಿದರು. ಕ್ರಿಯಾಟಿನಿನ್ ಕೂಡ ಏರಿತ್ತು, ಅಂದರೆ ಕಿಡ್ನಿ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ.

ಡಾಕ್ಟರಮ್ಮ ಬಿಡಿಸಿ ಹೇಳಿದರು. ದೇಹದಲ್ಲಿ ನೋವು, ಊತ ಹುಟ್ಟಿಸುವುದು ಪ್ರೊಸ್ಟಗ್ಲಾಂಡಿನ್ ಅನ್ನುವ ಪದಾರ್ಥ. ಹೊಟ್ಟೆಯ ಒಳಪದರವನ್ನು ಆಸಿಡ್‌ನಿಂದ ಕಾಯುವುದೂ ಅದೇ. ಕಿಡ್ನಿಗೆ ಸರಿಯಾಗಿ ರಕ್ತ ಹರಿಯಲು ಬೇಕಾದದ್ದೂ ಅದೇ. ಈ ಮಾತ್ರೆ ಅದು ತಯಾರಾಗುವುದನ್ನೇ ತಡೆಯುತ್ತದೆ. ಔಷಧ ರಕ್ತದ ಮೂಲಕ ಕೆಲಸ ಮಾಡುವುದರಿಂದ ಊಟ ಆದ ಮೇಲೆ ತಗೊಂಡರೂ, ಇಂಜೆಕ್ಷನ್ ಹಾಕಿಸಿಕೊಂಡರೂ ಈ ಅಪಾಯ ಇದ್ದೇ ಇರುತ್ತದೆ. ಜೊತೆಗೆ ಆಸ್ಪಿರಿನ್ ಇದ್ದರೆ ಸೋರುವ ರಕ್ತ ಬೇಗ ನಿಲ್ಲುವುದೂ ಇಲ್ಲ. ನೀರು ಕುಡಿಯದೆ ಬಿಸಿಲಲ್ಲಿ ದುಡಿಯುವವರ ಕಿಡ್ನಿಗೆ ಇನ್ನೂ ಕಷ್ಟ. ಹೃದಯದ ಕಾಯಿಲೆ ಇರುವವರಿಗಂತೂ ಈ ಮಾತ್ರೆ ಕೊಡಲೇಬಾರದಿತ್ತು ಅಂದರು.

ಹಸು ಸಾಕುವವರಿಗೆ ಈ ಹೆಸರು ಹೊಸದಲ್ಲ. ದನಗಳಿಗೆ ಕೊಡುವ ಡೈಕ್ಲೋಫೆನಾಕ್ ತಯಾರಿಕೆಯನ್ನು ನಮ್ಮ ದೇಶ 2006ರಲ್ಲೇ ನಿಲ್ಲಿಸಿತು. ಆ ದನಗಳ ಹೆಣ ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ಸಾಯುತ್ತಿದ್ದವು.

ಮಾತ್ರೆಯೇ ಕೆಟ್ಟದ್ದು ಅನ್ನುತ್ತಿಲ್ಲ. ಉಳುಕು, ಮುಟ್ಟಿನ ನೋವು, ಆಪರೇಷನ್ ಆದ ಮೇಲಿನ ನೋವಿಗೆ ಡಾಕ್ಟರು ನೋಡಿ ಕಡಿಮೆ ಡೋಸಿನಲ್ಲಿ, ನಾಲ್ಕಾರು ದಿನಕ್ಕೆ ಕೊಡುತ್ತಾರೆ. ಆದರೆ ಬಿಪಿ, ಹೃದಯ, ಕಿಡ್ನಿ ತೊಂದರೆ ಇದ್ದವರು, ಹಿಂದೆ ಹೊಟ್ಟೆ ಹುಣ್ಣಾದವರು, ಬಸುರಿಯರು ಡಾಕ್ಟರನ್ನು ಕೇಳದೆ ಮುಟ್ಟಲೇಬೇಡಿ. ಮಲ ಕಪ್ಪಾದರೆ ನಾಳೆ ನೋಡೋಣ ಅನ್ನಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ. ಹಾಗಂತ ಹೃದಯದ ಮಾತ್ರೆಯನ್ನು ನೀವೇ ನಿಲ್ಲಿಸಲೂ ಬೇಡಿ.

ಅಪ್ಪ ಮನೆಗೆ ಬಂದ ಮೇಲೆ ಎಲ್ಲ ಕಡೆ ಹುಡುಕಿದೆ. ಟಿವಿ ಮೇಲೆ, ಅಂಗಿ ಜೇಬಲ್ಲಿ, ಗಾಡಿ ಡಿಕ್ಕಿಯಲ್ಲಿ ಒಟ್ಟು ಐದು ಸ್ಟ್ರಿಪ್ ಸಿಕ್ಕವು. ಕಂಪನಿ ಹೆಸರು ಮೂರು ಥರ. ಕೆಳಗಿನ ಸಣ್ಣ ಅಕ್ಷರ ಓದಿದರೆ ಐದರಲ್ಲೂ ಡೈಕ್ಲೋಫೆನಾಕ್.