ಕೊರಿಯರ್ ಪ್ರೈಮ್: ರಿಬ್ಬನ್ ಕಪ್ಪು ಮತ್ತೆ ಸಿಕ್ಕಿತು

ವಿಜಯಪುರದಲ್ಲಿ ನನ್ನದು ಜಾಬ್ ಟೈಪಿಂಗ್ ಅಂಗಡಿ. ಕಲಿತದ್ದು ಟೈಪ್‌ರೈಟರ್ ಮಷಿನ್ ಮೇಲೆ, ಟೈಪಿಂಗಿನ ಸೀನಿಯರ್ ಪರೀಕ್ಷೆ ಪಾಸಾಗಿದ್ದೇನೆ. ಇಂಗ್ಲಿಷ್ ಟೈಪಿಂಗ್ ಅಂದರೆ ನನ್ನ ಕಣ್ಣಿಗೆ ಈಗಲೂ ರಿಬ್ಬನ್ನಿನ ಆ ಗಟ್ಟಿ ಕಪ್ಪೇ ಬರುತ್ತದೆ. ಅದಕ್ಕೇ ಕಂಪ್ಯೂಟರಿನ ಕೊರಿಯರ್ ನ್ಯೂ ಫಾಂಟ್ ಒಗ್ಗಲೇ ಇಲ್ಲ. ಗೆರೆ ಕೂದಲಿನಷ್ಟು ತೆಳು. ಎರಡು ಸಲ ಜೆರಾಕ್ಸ್ ಆದರೆ ಅಕ್ಷರವೇ ಮಾಸಿಹೋಗುತ್ತದೆ. ಮಷಿನ್ನಿನಲ್ಲಿ ಲೋಹದ ಅಕ್ಷರ ತೆಳುವೇ ಇರುತ್ತಿತ್ತು, ನಿಜ. ಆದರೆ ರಿಬ್ಬನ್ ಮೇಲೆ ಬಡಿದಾಗ ಇಂಕು ಹರಡಿ ದಪ್ಪ ಆಗುತ್ತಿತ್ತು, ಅಲ್ವಾ? ಕೊರಿಯರ್ ನ್ಯೂದಲ್ಲಿ ಆ ಇಂಕಿನ ಲೆಕ್ಕವೇ ಇಲ್ಲ.

ಮೂರು ತಿಂಗಳಿಂದ ಕೊರಿಯರ್ ಪ್ರೈಮ್ ಬಳಸುತ್ತಿದ್ದೇನೆ. 2013ರಲ್ಲಿ ಚಿತ್ರಕಥೆ ಬರೆಯುವವರಿಗಾಗಿ ಮಾಡಿದ ಫಾಂಟ್ ಇದು. ಪುಕ್ಕಟೆ ಸಿಗುತ್ತದೆ. ಗೆರೆ ತುಂಬಿಕೊಂಡಿದೆ, ಬೋಲ್ಡ್ ಅಂತೂ ಬಲು ಚೆಂದ. ಇಟಾಲಿಕ್ ಸುಮ್ನೆ ಓರೆ ಮಾಡಿದ್ದಲ್ಲ, ಬೇರೆಯಾಗಿಯೇ ಬಿಡಿಸಿದ್ದಾರೆ.

12 ಪಾಯಿಂಟ್ ಇಟ್ಟರೆ ಇಂಚಿಗೆ 10 ಅಕ್ಷರ. ನಮ್ಮ ಪೈಕಾ ಮಷಿನ್ನಿನ ಲೆಕ್ಕವೇ ಅದು! ಸಣ್ಣ ಐಗೂ ಅಗಲ ಡಬ್ಲ್ಯೂಗೂ ಒಂದೇ ಜಾಗ. ಒಬ್ಬ ಒಣದ್ರಾಕ್ಷಿ ವ್ಯಾಪಾರಿಯ ಇಂಗ್ಲಿಷ್ ಲೆಕ್ಕಪಟ್ಟಿ ಪ್ರತಿ ವಾರ ನನ್ನ ಹತ್ತಿರ ಬರುತ್ತದೆ. ಪಾರ್ಟಿ ಹೆಸರು, ಬಾಕ್ಸ್, ಕಿಲೋ, ರೇಟು, ಎಲ್ಲವನ್ನೂ ಸ್ಪೇಸ್‌ಬಾರ್ ಎಣಿಸಿಯೇ ಕೂರಿಸುತ್ತೇನೆ. ಒಂದು ಅಂಕಿಯೂ ಆಚೀಚೆ ಆಗುವುದಿಲ್ಲ. ಮೊದಲ ಪ್ರಿಂಟ್ ನೋಡಿ ಅವರು ಕೇಳಿದ್ದು, "ಅಕ್ಕಾರ, ಇದನ್ನ ಮಷಿನ್ ಮ್ಯಾಲೆ ಹೊಡದೀರೇನ್ರಿ?" ಆ ದಿನವೆಲ್ಲ ಖುಷಿಯಾಗಿದ್ದೆ.

ಒಂದು ತೊಂದರೆ ಇದೆ. ಸೊನ್ನೆಯ ನಡುವೆ ಅಡ್ಡಗೆರೆ ಇಲ್ಲ. ಬ್ಯಾಂಕಿನ ಐಎಫ್ಎಸ್‌ಸಿ ಕೋಡಿನಲ್ಲಿ ಐದನೆಯದು ಯಾವಾಗಲೂ ಸೊನ್ನೆ. ಗಿರಾಕಿಯೊಬ್ಬರು ನನ್ನ ಪ್ರಿಂಟ್ ನೋಡಿಕೊಂಡು ಅದನ್ನು ಓ ಅಂತ ಬರೆದು ಬಂದರು, ಫಾರ್ಮ್ ವಾಪಸ್ಸಾಯಿತು. ಈಗ ಕೋಡ್ ಇರುವ ಕಡೆ ಪಕ್ಕದಲ್ಲಿ ಪೆನ್ನಿನಿಂದ ಗುರುತು ಹಾಕುತ್ತೇನೆ. ಒಂದು ಮತ್ತು ಸಣ್ಣ ಎಲ್ ಮಾತ್ರ ಗೊಂದಲ ಆಗುವುದಿಲ್ಲ. ನಾನು ಕಲಿತ ಮಷಿನ್ನಿನಲ್ಲಿ ಒಂದರ ಕೀಲಿಯೇ ಇರಲಿಲ್ಲ, ಎಲ್ ಹೊಡೆದೇ ಒಂದು ಅನ್ನುತ್ತಿದ್ದೆವು.

ಕನ್ನಡ ಅಕ್ಷರ ಇದರಲ್ಲಿಲ್ಲ. ನಡುವೆ ಒಂದು ಕನ್ನಡ ಹೆಸರು ಬಂದರೂ ಕಾಲಂ ಕೆಡುತ್ತದೆ. ನಮ್ಮ ಮ ಅಗಲ, ರ ಚಿಕ್ಕದು, ಕೆಳಗೆ ಒತ್ತು ಬೇರೆ. ಇವನ್ನೆಲ್ಲ ಒಂದೇ ಅಳತೆಗೆ ಹಿಸುಕುವುದು ನನಗೂ ಇಷ್ಟವಿಲ್ಲ. ಕನ್ನಡ ಅರ್ಜಿಗೆ ನುಡಿ ಸಾಫ್ಟ್‌ವೇರೇ ಇರಲಿ.

ಹಾಕಿಕೊಳ್ಳುವವರು ಪ್ರಿಂಟರಿನಲ್ಲಿ ಟೋನರ್ ಉಳಿಸುವ ಸೆಟ್ಟಿಂಗ್ ತೆಗೆದುಬಿಡಿ. ಅದು ಆನ್ ಇದ್ದರೆ ಈ ಫಾಂಟೂ ಬೂದಿ ಬಣ್ಣಕ್ಕೆ ಬರುತ್ತದೆ.