ಗುದ್ದಿ ಪರಾರಿಯಾದ ಗಾಡಿ, ಒಡೆದ ಬಂಪರ್: ಕಾರು ವಿಮೆಯ ಕ್ಲೇಮ್ ಸೇವೆ ಎಷ್ಟರ ಮಟ್ಟಿಗೆ ಕೈಹಿಡಿಯುತ್ತದೆ?

ಸಿಗ್ನಲ್‌ನಲ್ಲಿ ಹಿಂದಿನಿಂದ ತಾಗಿಸಿ ಸಂದಿಯಲ್ಲಿ ನುಸುಳಿ ಹೋಗುವ ಗೂಡ್ಸ್ ಆಟೊ, ಮನೆ ಮುಂದೆ ನಿಲ್ಲಿಸಿದ ಕಾರಿನ ಬಾಗಿಲನ್ನು ಕೆರೆದುಕೊಂಡು ಹೋಗುವ ನೀರಿನ ಟ್ಯಾಂಕರ್. ಗುದ್ದಿದವರು ಸಿಗುವುದಿಲ್ಲ, ಪುಣ್ಯಕ್ಕೆ ಯಾರಿಗೂ ಗಾಯವಾಗಿಲ್ಲ, ಗಾಡಿಗೆ ಮಾತ್ರ ಪೆಟ್ಟು. ಇಂಥ ಸಣ್ಣ ಪ್ರಕರಣದಲ್ಲಿ ವಿಮಾ ಕಂಪನಿಗಳ ಕ್ಲೇಮ್ ಸೇವೆ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ. ತೀರ್ಪನ್ನು ಮೊದಲೇ ಹೇಳಿಬಿಡಬಹುದು: ಅಪಘಾತವನ್ನು ತಿಳಿಸುವ ವ್ಯವಸ್ಥೆ ಚೆನ್ನಾಗಿದೆ, ರಿಪೇರಿಯ ವ್ಯವಸ್ಥೆ ಪರವಾಗಿಲ್ಲ. ಆದರೆ ಕ್ಲೇಮ್ ಮಾಡಿದರೆ ಕೊನೆಗೆ ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂಬ ಲೆಕ್ಕವನ್ನು ಕಾಲ್ ಸೆಂಟರ್‌ನವರು ತಾವಾಗಿ ಹೇಳುವುದಿಲ್ಲ. ಅದನ್ನು ಗಾಡಿಯ ಮಾಲೀಕರೇ ಹಾಕಿಕೊಳ್ಳಬೇಕು.

ಮೊದಲು ಪಾಲಿಸಿಯ ಹಾಳೆ ತೆಗೆದು ನೋಡಿ. ಬರೀ ಥರ್ಡ್ ಪಾರ್ಟಿ ವಿಮೆ (ನಿಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಗೆ ಮಾತ್ರ) ಇದ್ದರೆ ನಿಮ್ಮ ಬಂಪರ್‌ಗೆ ನಿಮ್ಮ ಕಂಪನಿಯಿಂದ ಒಂದು ರೂಪಾಯಿಯೂ ಬರುವುದಿಲ್ಲ. ಎರಡೂ ಬಗೆಯ ಹಾನಿಗೆ ಅನ್ವಯಿಸುವ ‘ಕಾಂಪ್ರೆಹೆನ್ಸಿವ್’ ಪಾಲಿಸಿ ಅಥವಾ ನಿಮ್ಮ ಗಾಡಿಯ ಹಾನಿಗೆಂದೇ ಪ್ರತ್ಯೇಕವಾಗಿ ಕೊಂಡ ‘ಓನ್ ಡ್ಯಾಮೇಜ್’ ಪಾಲಿಸಿ ಇದ್ದರೆ ಮಾತ್ರ ಮುಂದಿನ ಮಾತು. ಹಿಟ್ ಅಂಡ್ ರನ್ ಪ್ರಕರಣಕ್ಕೆ ಸರ್ಕಾರವೇ ಪರಿಹಾರ ಕೊಡುತ್ತದಲ್ಲ ಎಂದು ಹಲವರು ಕೇಳುತ್ತಾರೆ. ಮೋಟಾರು ವಾಹನ ಕಾಯ್ದೆಯ 161ನೇ ಸೆಕ್ಷನ್ನಿನ ಆ ಯೋಜನೆ ಇರುವುದು ಜೀವಹಾನಿಗೆ (2 ಲಕ್ಷ ರೂಪಾಯಿ) ಮತ್ತು ತೀವ್ರ ಗಾಯಕ್ಕೆ (50 ಸಾವಿರ). ಗಾಡಿಯ ತಗಡಿಗೆ, ಪ್ಲಾಸ್ಟಿಕ್ಕಿಗೆ ಅದರಲ್ಲಿ ಜಾಗವಿಲ್ಲ.

ಸ್ಥಳದಲ್ಲಿ ಮಾಡಬೇಕಾದ ಕೆಲಸ ಕೆಲವೇ ನಿಮಿಷಗಳದ್ದು, ಆದರೆ ಆಮೇಲೆ ಮಾಡಲಾಗದ್ದು. ಗಾಡಿಯನ್ನು ಕದಲಿಸುವ ಮುಂಚೆ, ಅದು ಅಪಾಯಕರವಲ್ಲದಿದ್ದರೆ, ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ನಂಬರ್ ಪ್ಲೇಟೂ ಪೆಟ್ಟಾದ ಜಾಗವೂ ಒಂದೇ ಚೌಕಟ್ಟಿನಲ್ಲಿ ಬರುವ ಒಂದು ಫೋಟೊ ಕಡ್ಡಾಯವಾಗಿ ಇರಲಿ. ಹತ್ತಿರದಿಂದ ತೆಗೆದ ಚಿತ್ರವೊಂದೇ ಇದ್ದರೆ ಅದು ಯಾವ ಕಾರಿನದು ಎಂಬ ಪ್ರಶ್ನೆ ಬರುತ್ತದೆ. ಗೀರಿನ ಒಳಗೆ ಬೇರೆ ಬಣ್ಣ ಅಂಟಿಕೊಂಡಿದೆಯೇ ನೋಡಿ. ಬಿಳಿ ಬಂಪರ್ ಮೇಲೆ ಹಳದಿ ಅಥವಾ ಹಸಿರು ಬಣ್ಣದ ಗೆರೆ ಇದ್ದರೆ ಇನ್ನೊಂದು ವಾಹನ ತಾಗಿದ್ದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಕಂಪನಿ ಕಳಿಸುವ ಸರ್ವೇಯರ್ ಬಂದು ಹಾನಿಯನ್ನು ಅಂದಾಜು ಮಾಡುವ ‘ಸರ್ವೇ’ ಮುಗಿಯುವವರೆಗೆ ವಾಟರ್ ವಾಶ್ ಬೇಡ. ನೆಲದಿಂದ ಗೀರು ಎಷ್ಟು ಎತ್ತರದಲ್ಲಿದೆ ಎಂದು ಟೇಪ್ ಹಿಡಿದು ಇನ್ನೊಂದು ಫೋಟೊ ತೆಗೆದಿಟ್ಟುಕೊಳ್ಳಿ. ಸರ್ವೇಯರ್ ಮನಸ್ಸಿನಲ್ಲೇ ಹಾಕುವ ಲೆಕ್ಕ ಇದೇ: ಹೇಳಿದ ವಾಹನದ ಬಂಪರ್ ಎತ್ತರಕ್ಕೂ ಈ ಪೆಟ್ಟಿನ ಎತ್ತರಕ್ಕೂ ಹೊಂದುತ್ತದೆಯೇ ಎಂಬುದು. ಅಂಗಡಿ, ಅಪಾರ್ಟ್‌ಮೆಂಟ್‌ಗಳ ಸಿಸಿಟಿವಿ ದೃಶ್ಯದ ಮೇಲೆ ಕೆಲವೇ ದಿನಗಳಲ್ಲಿ ಹೊಸ ದೃಶ್ಯ ಬಂದು ಕೂರುತ್ತದೆ, ಹಾಗಾಗಿ ಅವತ್ತೇ ಹೋಗಿ ಕೇಳಿ. ಹೆದ್ದಾರಿಯಲ್ಲಿ ಆಗಿದ್ದರೆ ಫಾಸ್ಟ್ಯಾಗ್ ಕಡಿತದ ಎಸ್‌ಎಂಎಸ್ ಅಳಿಸಬೇಡಿ; ಆ ಹೊತ್ತಿಗೆ ಆ ದಾರಿಯಲ್ಲಿ ಇದ್ದಿರಿ ಎನ್ನುವುದಕ್ಕೆ ಅದು ಆಧಾರ.

ಇನ್ನು ತಿಳಿಸುವ ದಾರಿಗಳು: ಟೋಲ್ ಫ್ರೀ ಫೋನ್, ಕಂಪನಿಯ ಆ್ಯಪ್ ಅಥವಾ ವೆಬ್‌ಸೈಟ್, ಮತ್ತೆ ಶಾಖೆ. ಆ್ಯಪ್ ಈ ಕೆಲಸಕ್ಕೆ ಎಲ್ಲಕ್ಕಿಂತ ಮೇಲು. ಬರೆದದ್ದು ಬರೆದ ಹಾಗೇ ಉಳಿಯುತ್ತದೆ, ಫೋಟೊ ಸೇರುತ್ತದೆ, ಕ್ಲೇಮ್ ನಂಬರ್ ಕೂಡಲೇ ಬರುತ್ತದೆ. ಫೋನ್‌ನಲ್ಲಿ ತೊಂದರೆ ಎಂದರೆ ನೀವು ಕನ್ನಡದಲ್ಲಿ ಹೇಳಿದ್ದನ್ನು ಆ ಕಡೆಯವರು ಇಂಗ್ಲಿಷಿನಲ್ಲಿ ಒಂದೂವರೆ ಸಾಲಿಗೆ ಇಳಿಸಿ ದಾಖಲಿಸುತ್ತಾರೆ. ‘ನಿಂತಿದ್ದ ಗಾಡಿಗೆ ಗುದ್ದಿದರು’ ಎಂದಿದ್ದು ‘ಗಾಡಿ ಗುದ್ದಿತು’ ಎಂದಾದರೆ ಹತ್ತು ದಿನ ಕಳೆದ ಮೇಲೆ ವಿವರಣೆ ಕೇಳಿ ಇಮೇಲ್ ಬರುತ್ತದೆ. ಫೋನ್ ಮಾಡಿದರೆ ಬರೆದುಕೊಂಡದ್ದನ್ನು ಓದಿ ಹೇಳಲು ಕೇಳಿ, ಕ್ಲೇಮ್ ನಂಬರ್ ಬಂದ ಮೇಲೆ ಅದೇ ವಿವರವನ್ನು ಇಮೇಲ್‌ನಲ್ಲೂ ಕಳಿಸಿ. ನ್ಯೂ ಇಂಡಿಯಾ, ಯುನೈಟೆಡ್ ಇಂಡಿಯಾ, ನ್ಯಾಷನಲ್, ಓರಿಯೆಂಟಲ್ ಈ ನಾಲ್ಕು ಸರ್ಕಾರಿ ಸ್ವಾಮ್ಯದ ಕಂಪನಿಗಳಿಗೆ ಊರೂರುಗಳಲ್ಲಿ ಕಚೇರಿಗಳಿವೆ. ಕಾಗದ ಹಿಡಿದು ಹೋಗಿ, ಎದುರು ಕೂತು ಮಾತಾಡಿ, ಸೀಲು ಹಾಕಿಸಿಕೊಂಡು ಬರುವುದು ಯಾರಿಗೆ ಮುಖ್ಯವೋ ಅವರಿಗೆ ಆ ಕಚೇರಿಗಳ ಬೆಲೆ ದೊಡ್ಡದು.

‘ಅಪಘಾತವಾದ ಕೂಡಲೇ’ ತಿಳಿಸಬೇಕು ಎಂಬುದು ಪಾಲಿಸಿಯ ಮೊದಲ ಷರತ್ತು. ಅವತ್ತೇ ಅಥವಾ ಮರುದಿನ ತಿಳಿಸಿದರೆ ಯಾವ ತಕರಾರೂ ಇರುವುದಿಲ್ಲ. ನಿಜವಾದ ಕಾರಣದಿಂದ ತಡವಾದರೆ, ತಡವೊಂದನ್ನೇ ನೆಪ ಮಾಡಿ ಪ್ರಾಮಾಣಿಕ ಕ್ಲೇಮನ್ನು ತಿರಸ್ಕರಿಸಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2011ರಲ್ಲೇ ಸುತ್ತೋಲೆ ಹೊರಡಿಸಿದೆ. ತಡದ ಕಾರಣವನ್ನು ಬರಹದಲ್ಲಿ ಕೊಡಿ, ಅಷ್ಟೇ.

ಇಡೀ ಪ್ರಕ್ರಿಯೆಯಲ್ಲಿ ಹೆಚ್ಚು ಗಮನ ಬೇಡುವುದು ‘ಅಪಘಾತ ಹೇಗಾಯಿತು’ ಎಂಬ ಕಾಲಂ. ಅದನ್ನು ಹೀಗೆ ತುಂಬಬಹುದು: ‘ಇಂಥ ದಿನ ರಾತ್ರಿ 9:40ರ ಸುಮಾರಿಗೆ, ಜಯನಗರ 4ನೇ ಬ್ಲಾಕಿನಲ್ಲಿ ರಸ್ತೆಯ ಎಡಬದಿ ಕಾರು ನಿಲ್ಲಿಸಿತ್ತು, ಒಳಗೆ ಯಾರೂ ಇರಲಿಲ್ಲ. 10:15ಕ್ಕೆ ವಾಪಸ್ ಬಂದಾಗ ಹಿಂದಿನ ಬಂಪರ್‌ನ ಬಲ ಮೂಲೆ ಒಡೆದಿತ್ತು, ಬಲ ಟೇಲ್ ಲ್ಯಾಂಪ್ ಬಿರುಕು ಬಿಟ್ಟಿತ್ತು. ಗುದ್ದಿದ ವಾಹನ ನೋಡಿಲ್ಲ. ಯಾರಿಗೂ ಗಾಯವಾಗಿಲ್ಲ.’ ಇಷ್ಟು ಸಾಕು. ನೋಡದ ವಾಹನವನ್ನು ಊಹಿಸಿ ‘ಲಾರಿ’ ಎಂದು ಬರೆಯಬೇಡಿ. ನಿಲ್ಲಿಸಿದ್ದ ಕಾರಿಗೆ ಚಾಲಕ ಯಾರೆಂದು ಕೇಳಿದರೆ, ನಿಲ್ಲಿಸಿ ಹೋದವರ ಹೆಸರು ಮತ್ತು ಡಿಎಲ್ ಕೊಡಿ, ಬೇರೆಯವರದ್ದಲ್ಲ. ಹಳೆಯ ಗೀರುಗಳನ್ನು ಇದರ ಜೊತೆಗೆ ತೂರಿಸುವ ಸಲಹೆ ಕೆಲವು ಗ್ಯಾರೇಜ್‌ಗಳಿಂದಲೇ ಬರುತ್ತದೆ. ಬಲ ಹಿಂಬದಿಗೆ ಬಿದ್ದ ಒಂದು ಪೆಟ್ಟು ಎಡ ಮುಂಬಾಗಿಲನ್ನು ಕೆರೆಯಲಾರದು ಎಂಬುದು ಸರ್ವೇಯರ್‌ಗೆ ನೋಡಿದ ಕೂಡಲೇ ತಿಳಿಯುತ್ತದೆ. ಒಂದೊಂದು ಪೆಟ್ಟೂ ಒಂದೊಂದು ಕ್ಲೇಮ್, ಒಂದೊಂದಕ್ಕೂ ಬೇರೆ ಕಡಿತ (ಪ್ರತಿ ಕ್ಲೇಮ್‌ನಲ್ಲೂ ನೀವೇ ಭರಿಸಬೇಕಾದ ಮೊತ್ತ). ಇಲ್ಲಿ ಸುಳ್ಳು ಸೇರಿದರೆ ನಿಜವಾದ ಭಾಗದ ಹಣಕ್ಕೂ ಕುತ್ತು.

ಎಫ್‌ಐಆರ್ ಬೇಕೇ? ಗಾಯವಿಲ್ಲದ, ಎದುರಿನವರ ಆಸ್ತಿಗೆ ಹಾನಿಯಾಗದ ಸಣ್ಣ ಪೆಟ್ಟಿಗೆ ಸಾಮಾನ್ಯವಾಗಿ ಕೇಳುವುದಿಲ್ಲ. ಗಾಯವಾಗಿದ್ದರೆ 112ಕ್ಕೆ ಕರೆ, ಆಸ್ಪತ್ರೆ, ಪೊಲೀಸ್ ದೂರು. ಅಲ್ಲಿ ರಾಜಿಯ ಮಾತೇ ಬೇಡ. ಪರಾರಿಯಾದ ಗಾಡಿಯ ನಂಬರ್ ಸಿಕ್ಕಿದ್ದರೆ ಟ್ರಾಫಿಕ್ ಪೊಲೀಸ್ ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯುವುದು ಒಳ್ಳೆಯದು. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಆ ಗಾಡಿಯ ವಿಮೆ ಚಾಲ್ತಿಯಲ್ಲಿದೆಯೇ ಎಂಬುದೂ ತಿಳಿಯುತ್ತದೆ. ಅವರ ಥರ್ಡ್ ಪಾರ್ಟಿ ವಿಮೆಯಿಂದ ವಸೂಲಿ ಮಾಡಲು ಅಪಘಾತವಾದ ಆರು ತಿಂಗಳೊಳಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕು. ಬಂಪರ್ ಒಂದಕ್ಕಾಗಿ ಆ ದಾರಿ ಹಿಡಿಯುವುದು ಲಾಭದಾಯಕವಲ್ಲ.

ಸಣ್ಣ ಮೊತ್ತದ ಕ್ಲೇಮ್‌ಗೆ ಈಗ ಹಲವು ಕಂಪನಿಗಳು ‘ನೀವೇ ವಿಡಿಯೊ ಮಾಡಿ ಕಳಿಸಿ’ ಎನ್ನುತ್ತವೆ. ಬೇಗ ಮುಗಿಯುತ್ತದೆ ಎಂಬುದು ನಿಜ. ಆದರೆ ನಮ್ಮ ಮಟ್ಟಿಗೆ ಈ ಸೇವೆಯ ದುರ್ಬಲ ಜಾಗ ಇದೇ. ಪ್ಲಾಸ್ಟಿಕ್ ಬಂಪರ್ ಒಳಕ್ಕೆ ತಗ್ಗಿ ಮತ್ತೆ ಹೊರಕ್ಕೆ ಬರುತ್ತದೆ, ಮೇಲೆ ಗೀರು ಮಾತ್ರ ಕಾಣುತ್ತದೆ. ಒಳಗೆ ಬ್ರ್ಯಾಕೆಟ್ ಮುರಿದಿರುತ್ತದೆ, ಕಬ್ಬಿಣದ ಅಡ್ಡಪಟ್ಟಿ ಬಾಗಿರುತ್ತದೆ, ಪಾರ್ಕಿಂಗ್ ಸೆನ್ಸರ್ ಜಾಗ ತಪ್ಪಿರುತ್ತದೆ. ಮುಂದಿನ ಪೆಟ್ಟಾದರೆ ಎಸಿ ಕಂಡೆನ್ಸರ್, ರೇಡಿಯೇಟರ್ ಬಂಪರ್‌ನ ಹಿಂದೆಯೇ ಇರುತ್ತವೆ. ವಿಡಿಯೊದಲ್ಲಿ ಇವು ಯಾವುವೂ ಬರುವುದಿಲ್ಲ. ಆದ್ದರಿಂದ ಮೊದಲ ಎಸ್ಟಿಮೇಟ್ ನೋಡಿ ‘ಇಷ್ಟಕ್ಕೆ ಒಪ್ಪಿ ಹಣ ಪಡೆಯಿರಿ’ ಎಂದರೆ ಅವಸರಪಡಬೇಡಿ. ಬಂಪರ್ ಬಿಚ್ಚಿದ ಮೇಲೆ ಸಿಕ್ಕ ಹಾನಿಗೆ ಹೆಚ್ಚುವರಿ ಎಸ್ಟಿಮೇಟ್ ಕೊಡಬಹುದು. ಬಿಚ್ಚಿದ ಸ್ಥಿತಿಯ ಫೋಟೊ ಸರ್ವೇಯರ್‌ಗೆ ಹೋಗಿ, ಅವರು ಒಪ್ಪಿದ ನಂತರವೇ ಹೊಸ ಭಾಗ ಹಾಕಿಸಬೇಕು. ಗಾಡಿಯ ಕೆಳಗೆ ಕೂಲೆಂಟ್ ತೊಟ್ಟಿಕ್ಕುತ್ತಿದ್ದರೆ ಓಡಿಸಬೇಡಿ, ಟೋಯಿಂಗ್ ಕರೆಸಿ. ಓಡಿಸಿ ಎಂಜಿನ್ ಸುಟ್ಟರೆ ಅದು ಅಪಘಾತದ ಹಾನಿಯಲ್ಲ, ಆಮೇಲಿನ ಅಜಾಗರೂಕತೆಯ ಹಾನಿ ಎಂದು ಕಂಪನಿ ಹಣ ಕೊಡುವುದಿಲ್ಲ.

ಈಗ ಲೆಕ್ಕ. 1,200 ಸಿಸಿಯ ಕಾರು ಎಂದುಕೊಳ್ಳಿ. ಹಿಂದಿನ ಬಂಪರ್ 4,500, ಟೇಲ್ ಲ್ಯಾಂಪ್ 6,000, ಡಿಕ್ಕಿ ಬಾಗಿಲ ಟಿಂಕರಿಂಗ್ ಕೂಲಿ 2,500, ಪೇಂಟಿಂಗ್ 9,000. ಒಟ್ಟು 22,000 ರೂಪಾಯಿ. ಝೀರೊ ಡೆಪ್ (ಸವಕಳಿ ಕಳೆಯದೆ ಹಣ ಕೊಡುವ, ಹೆಚ್ಚುವರಿ ಪ್ರೀಮಿಯಂನ ಆಡ್-ಆನ್) ಇಲ್ಲದಿದ್ದರೆ ಪ್ಲಾಸ್ಟಿಕ್ ಭಾಗಗಳಿಗೆ ಅರ್ಧದಷ್ಟು ಸವಕಳಿ: ಬಂಪರ್‌ನಲ್ಲಿ 2,250, ಲ್ಯಾಂಪ್‌ನಲ್ಲಿ 3,000. ಪೇಂಟಿಂಗ್ ಬಿಲ್ಲಿನ ಶೇ 25ನ್ನು ಬಣ್ಣದ ಸಾಮಗ್ರಿ ಎಂದು ಹಿಡಿದು ಅದರ ಅರ್ಧ, ಅಂದರೆ 1,125. ಕೂಲಿಗೆ ಸವಕಳಿ ಇಲ್ಲ. 1,500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ 1,000, ಅದಕ್ಕಿಂತ ದೊಡ್ಡ ಎಂಜಿನ್ ಆದರೆ 2,000. ನಿಮ್ಮ ಕೈಯಿಂದ 7,375 ಹೋಯಿತು, ಕಂಪನಿ ಕೊಟ್ಟಿದ್ದು 14,625.

ಇಲ್ಲಿಗೆ ಮುಗಿಯಲಿಲ್ಲ. ಕ್ಲೇಮ್ ಮಾಡದಿದ್ದಕ್ಕೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಸಿಗುವ ಎನ್‌ಸಿಬಿ (ನೋ ಕ್ಲೇಮ್ ಬೋನಸ್) ರಿಯಾಯಿತಿ ವರ್ಷದಿಂದ ವರ್ಷಕ್ಕೆ ಶೇ 20, 25, 35, 45, 50 ಎಂದು ಏರುತ್ತದೆ. ಒಂದೇ ಕ್ಲೇಮ್‌ಗೆ ಸೊನ್ನೆಗೆ ಇಳಿಯುತ್ತದೆ. ಶೇ 50ರಲ್ಲಿ ಇದ್ದವರು ಮುಂದಿನ ನವೀಕರಣದಲ್ಲಿ 50 ಕಳೆದುಕೊಳ್ಳುತ್ತಾರೆ, ಆಮೇಲಿನ ವರ್ಷಗಳಲ್ಲಿ 30, 25, 15, 5. ಕೂಡಿದರೆ ಒಂದು ವರ್ಷದ ಓನ್ ಡ್ಯಾಮೇಜ್ ಪ್ರೀಮಿಯಂನ ಒಂದೂಕಾಲು ಪಟ್ಟು. ಆ ಪ್ರೀಮಿಯಂ ರಿಯಾಯಿತಿಗೆ ಮುಂಚೆ 8,000 ಇದ್ದರೆ 10,000, ಜಿಎಸ್‌ಟಿ ಸೇರಿ 11,800. ಗಾಡಿಯ ಬೆಲೆ ಇಳಿದಂತೆ ಪ್ರೀಮಿಯಂ ಸ್ವಲ್ಪ ಇಳಿಯುವುದರಿಂದ ನಿಜದ ನಷ್ಟ ಇದಕ್ಕಿಂತ ತುಸು ಕಡಿಮೆ. ಹಾಗಿದ್ದರೂ 14,625 ಪಡೆದ ಮೇಲೆ ಉಳಿದ ಲಾಭ ಮೂರು ಸಾವಿರದ ಆಸುಪಾಸು. ಅದೇ ಬಿಲ್ಲಿಗೆ ಝೀರೊ ಡೆಪ್ ಇದ್ದರೆ 21,000 ಬರುತ್ತದೆ, ಆಗ ಕ್ಲೇಮ್ ಮಾಡುವುದೇ ಸರಿ. ಹೊಸ ಕಾರಿನ ಮೊದಲ ವರ್ಷದಲ್ಲಿ ಕಳೆದುಕೊಳ್ಳುವುದು ಒಟ್ಟು ಅರ್ಧ ವರ್ಷದ ಪ್ರೀಮಿಯಂ ಅಷ್ಟೇ. ಎನ್‌ಸಿಬಿ ರಕ್ಷಣೆಯ ಆಡ್-ಆನ್ ಇದ್ದವರಿಗೆ ಈ ನಷ್ಟ ಇಲ್ಲ, ಆದರೆ ವರ್ಷಕ್ಕೆ ಎಷ್ಟು ಕ್ಲೇಮ್‌ವರೆಗೆ ಎಂಬುದನ್ನು ಓದಿಕೊಳ್ಳಿ. ಝೀರೊ ಡೆಪ್‌ಗೂ ಹಲವು ಪಾಲಿಸಿಗಳಲ್ಲಿ ಇಂಥ ಮಿತಿ ಇದೆ. ಆನ್‌ಲೈನ್‌ನಲ್ಲಿ ಪ್ರೀಮಿಯಂ ಇಳಿಸಲು ‘ಸ್ವಯಂಪ್ರೇರಿತ ಕಡಿತ’ಕ್ಕೆ ಟಿಕ್ ಹಾಕಿದವರು ಆ 2,500 ಅಥವಾ 5,000 ರೂಪಾಯಿಯನ್ನೂ ಈ ಲೆಕ್ಕಕ್ಕೆ ಸೇರಿಸಬೇಕು.

ಲೆಕ್ಕ ಹಾಕಿ ಕ್ಲೇಮ್ ಬೇಡ ಎನಿಸಿದರೂ ತಿಳಿಸಿದ್ದು ವ್ಯರ್ಥವಲ್ಲ. ಹಣ ಪಾವತಿಯಾಗುವ ಮುಂಚೆ ಕ್ಲೇಮ್ ಹಿಂಪಡೆಯಬಹುದು. ‘ಯಾವುದೇ ಮೊತ್ತ ಪಾವತಿಸದೆ ಮುಚ್ಚಲಾಗಿದೆ’ ಎಂಬ ಇಮೇಲ್ ತರಿಸಿಕೊಂಡು ಜೋಪಾನವಾಗಿಡಿ, ನವೀಕರಣದ ಹೊತ್ತಿಗೆ ಎನ್‌ಸಿಬಿ ಉಳಿಸುವುದು ಅದೇ. ಹಣ ಪಡೆದು, ಕಂಪನಿ ಬದಲಿಸುವಾಗ ‘ಕ್ಲೇಮ್ ಮಾಡಿಲ್ಲ’ ಎಂದು ಬರೆದರೆ ಮುಂದಿನ ದೊಡ್ಡ ಅಪಘಾತದಲ್ಲಿ ಅದು ಕೊರಳಿಗೆ ಬರುತ್ತದೆ. ಹೊಸ ಕಂಪನಿ ಹಳೆಯ ಕಂಪನಿಯಿಂದ ದೃಢೀಕರಣ ಕೇಳಿಯೇ ಕೇಳುತ್ತದೆ.

ಕ್ಯಾಶ್‌ಲೆಸ್ (ಕಂಪನಿ ತನ್ನ ಪಾಲನ್ನು ನೇರವಾಗಿ ಗ್ಯಾರೇಜಿಗೇ ಕೊಡುವುದು) ಬೇಕಿದ್ದರೆ ಕಂಪನಿಯ ಪಟ್ಟಿಯಲ್ಲಿರುವ ಗ್ಯಾರೇಜಿಗೆ ಹೋಗಿ: ಆರ್‌ಸಿ, ಡಿಎಲ್, ಪಾಲಿಸಿ, ಸಹಿ ಹಾಕಿದ ಕ್ಲೇಮ್ ಫಾರಂ ಸಾಕು. ಪರಿಚಯದ ಗ್ಯಾರೇಜೇ ಬೇಕೆಂದರೆ ಪೂರ್ತಿ ಹಣ ಕೊಟ್ಟು ಜಿಎಸ್‌ಟಿ ಬಿಲ್, ಪಾವತಿ ರಸೀದಿ, ಕ್ಯಾನ್ಸಲ್ ಮಾಡಿದ ಚೆಕ್ ಕೊಟ್ಟು ವಾಪಸ್ ಪಡೆಯಬೇಕು. ಎರಡರಲ್ಲೂ ಸರ್ವೇಗೆ ಮುಂಚೆ ರಿಪೇರಿ ಶುರುವಾಗಕೂಡದು. ಕ್ಯಾಶ್‌ಲೆಸ್ ಬಗ್ಗೆ ನಮ್ಮ ಅಭಿಪ್ರಾಯ ಒಳ್ಳೆಯದೇ, ಒಂದು ಷರತ್ತಿನ ಮೇಲೆ: ಕೆಲಸ ಶುರುವಾಗುವ ಮುಂಚೆ ಸರ್ವೇಯರ್ ಒಪ್ಪಿದ ಪಟ್ಟಿಯನ್ನು ನೋಡಿ. ‘ಬದಲಿಸಿ’ ಎಂದಿದೆಯೇ, ‘ರಿಪೇರಿ’ ಎಂದಿದೆಯೇ ಎಂಬಲ್ಲೇ ಹೆಚ್ಚಿನ ಜಗಳ. ಬಂಪರ್‌ನ ಕ್ಲಿಪ್ ಕೂರುವ ಕಿವಿಗಳು ಮುರಿದಿದ್ದರೆ ಪ್ಲಾಸ್ಟಿಕ್ ವೆಲ್ಡಿಂಗ್ ಬಹಳ ದಿನ ತಡೆಯುವುದಿಲ್ಲ, ಉಬ್ಬು-ತಗ್ಗಿನಲ್ಲಿ ಮತ್ತೆ ಜೋಲುತ್ತದೆ. ಆ ಕಿವಿಗಳ ಫೋಟೊ ತೋರಿಸಿ ಹೊಸದನ್ನೇ ಕೇಳಿ.

ಸರ್ವೇಯರ್ ನೇಮಕವಾದ 15 ದಿನದೊಳಗೆ ವರದಿ, ವರದಿ ಬಂದ 7 ದಿನದೊಳಗೆ ಕಂಪನಿಯ ನಿರ್ಧಾರ ಎಂದು ಪ್ರಾಧಿಕಾರದ 2024ರ ಸುತ್ತೋಲೆ ಹೇಳುತ್ತದೆ. ಮೀರಿದರೆ ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ, ನಂತರ ಪ್ರಾಧಿಕಾರದ ಬಿಮಾ ಭರೋಸಾ ದೂರು ಪೋರ್ಟಲ್ ಅಥವಾ ಸಹಾಯವಾಣಿ 155255. ಅಲ್ಲಿಯೂ ಆಗದಿದ್ದರೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ದೂರು ಅಲ್ಲಿಗೆ ಸೇರಬೇಕು.

ಗಾಡಿಯನ್ನು ಬೆಳಕಿರುವಾಗಲೇ ಬಿಡಿಸಿಕೊಳ್ಳಿ. ಟ್ಯೂಬ್‌ಲೈಟಿನಲ್ಲಿ ಪೇಂಟಿನ ಬಣ್ಣದ ವ್ಯತ್ಯಾಸ ಕಾಣುವುದಿಲ್ಲ. ಬಂಪರ್ ಮತ್ತು ಫೆಂಡರ್ ನಡುವಿನ ಸಂದು ಎರಡೂ ಬದಿಯಲ್ಲಿ ಒಂದೇ ಅಳತೆ ಇದೆಯೇ, ರಿವರ್ಸ್ ಹಾಕಿದಾಗ ಸೆನ್ಸರ್ ಕೂಗುತ್ತದೆಯೇ, ಡಿಕ್ಕಿ ಒಂದೇ ಸಲಕ್ಕೆ ಮುಚ್ಚುತ್ತದೆಯೇ ನೋಡಿ. ಬಿಲ್ಲಿನಲ್ಲಿ ‘ಹೊಸದು’ ಎಂದಿರುವ ಲ್ಯಾಂಪ್ ಮೇಲೆ ತಯಾರಕರ ಗುರುತಿದೆಯೇ ನೋಡಿ. ‘ಕೆಲಸ ತೃಪ್ತಿಕರವಾಗಿದೆ’ ಎಂಬ ಕಾಗದಕ್ಕೆ ಸಹಿ ಇವೆಲ್ಲ ಮುಗಿದ ಮೇಲೆ.