ನೇಲ್ ನಿಪ್ಪರ್: ಹೆಬ್ಬೆರಳಿಗೆ ಒಳ್ಳೆಯದು, ಮೂಲೆ ಕೆದಕಲು ಅಲ್ಲ

ಮಾಮೂಲಿ ನೇಲ್ ಕಟರ್‌ನ ಬಾಯಿ ಬಾಗಿರುತ್ತದೆ. ಕೈಬೆರಳಿಗೆ ಅದು ಸಾಕು. ಕಾಲಿನ ಹೆಬ್ಬೆರಳಿನ ದಪ್ಪ ಉಗುರು ಮಾತ್ರ ಅದರಲ್ಲಿ ಸರಿಯಾಗಿ ಕೂರದೆ ಸೀಳುತ್ತದೆ, ಮೂಲೆ ದುಂಡಗಾಗುತ್ತದೆ, ಬದಿಯಲ್ಲಿ ಕಣ್ಣಿಗೆ ಬೀಳದ ಒಂದು ಮುಳ್ಳು ಉಳಿದುಬಿಡುತ್ತದೆ. ಉಗುರು ಬೆಳೆದಂತೆ ಮಾಂಸಕ್ಕೆ ಚುಚ್ಚುವುದು ಆ ಮುಳ್ಳೇ.

ಸರ್ಜಿಕಲ್ ಸಾಮಾನಿನ ಅಂಗಡಿಯಲ್ಲಿ ನೇಲ್ ನಿಪ್ಪರ್ ಕೇಳಿ. ಇಕ್ಕಳದ ಹಾಗಿರುತ್ತದೆ, ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ. ಬಾಯಿ ಮುಚ್ಚಿ ಬೆಳಕಿಗೆ ಹಿಡಿಯಿರಿ: ಅಲಗುಗಳ ಸಂದಿನಲ್ಲಿ ಬೆಳಕು ತೂರಿದರೆ ಅದು ಉಗುರನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಅಗ್ಗದವುಗಳಲ್ಲಿ ಮೊದಲು ಕೈಕೊಡುವುದು ಸ್ಪ್ರಿಂಗ್. ಅಂಗಡಿಯಲ್ಲೇ ಹತ್ತು ಸಲ ಒತ್ತಿ, ಪ್ರತಿ ಸಲವೂ ತಾನಾಗಿ ತೆರೆಯುತ್ತದೆಯೇ ನೋಡಿ.

ಕಾಲನ್ನು 15 ನಿಮಿಷ ಬೆಚ್ಚಗಿನ ನೀರಿನಲ್ಲಿಟ್ಟು ಒರೆಸಿ. ಒಂದೇ ಏಟಿಗೆ ಕತ್ತರಿಸಲು ಹೋಗದೆ, ಒಂದು ಬದಿಯಿಂದ ಚಿಕ್ಕ ಚಿಕ್ಕ ತುಂಡಾಗಿ ನೇರಕ್ಕೆ ಬನ್ನಿ. ಬಿಳಿ ಅಂಚು 1 ಮಿಲಿಮೀಟರ್‌ನಷ್ಟು ಉಳಿಯಲಿ, ಎರಡೂ ಮೂಲೆಗಳು ಚರ್ಮದ ಮೇಲೆ ಕಾಣುತ್ತಿರಲಿ. ಮೂಲೆ ಚೂಪಾಗಿದ್ದರೆ ಅರದಿಂದ ಸ್ವಲ್ಪ ಉಜ್ಜಿ, ಅಷ್ಟೇ. ನಡುವೆ 'ವಿ' ಆಕಾರದಲ್ಲಿ ಕತ್ತರಿಸಿದರೆ ಅಂಚುಗಳು ಮಾಂಸ ಬಿಟ್ಟು ನಡುವಿನ ಕಡೆಗೆ ಸರಿಯುತ್ತವೆ ಎಂಬ ನಂಬಿಕೆ ಇನ್ನೂ ಇದೆ. ಅದರಿಂದ ಏನೂ ಆಗದು, ಉಗುರು ಬೆಳೆಯುವುದು ಬುಡದಿಂದ.

ಈ ಉಪಕರಣದ ದೊಡ್ಡ ದೋಷ ಅದರ ಚೂಪು ತುದಿ. ನೋವಿರುವ ಮೂಲೆಗೆ ಅದನ್ನು ತೂರಿಸಿ ಚೂರು ಕಿತ್ತರೆ ಎರಡು ದಿನ ಹಾಯೆನಿಸುತ್ತದೆ. ಆಮೇಲೆ ಅಲ್ಲೇ ಇನ್ನೊಂದು ಮುಳ್ಳು! ಬರೀ ನೋವು, ಸ್ವಲ್ಪ ಕೆಂಪು ಇದ್ದರೆ ದಿನಕ್ಕೆ ಎರಡು ಮೂರು ಸಲ ಬೆಚ್ಚನೆಯ ನೀರಿನಲ್ಲಿ ನೆನೆಸಿ, ಉಗುರಿನ ಅಂಚಿನಡಿ ಹತ್ತಿಯ ಎಳೆ ಇಟ್ಟು ದಿನವೂ ಬದಲಿಸಿ. ಮಳೆಗೆ ನೆನೆದ ಶೂ ಹಾಕಿಕೊಂಡೇ ಸಂಜೆವರೆಗೆ ಆಫೀಸಿನಲ್ಲಿ ಕೂರಬೇಡಿ, ನೆನೆದು ಮೆತ್ತಗಾದ ಚರ್ಮಕ್ಕೆ ಉಗುರು ಸಲೀಸಾಗಿ ಇಳಿಯುತ್ತದೆ. ಬೆರಳೊತ್ತುವ ಶೂ ಬದಲಾಗದಿದ್ದರೆ ಯಾವ ನಿಪ್ಪರ್ ಕೊಂಡರೂ ದಂಡ.

ಕೀವು, ಬೆರಳಿನ ಬಾವು, ಉಗುರಿನ ಪಕ್ಕ ಮುಟ್ಟಿದರೆ ರಕ್ತ ಬರುವ ಕೆಂಪು ಮಾಂಸ ಕಂಡರೆ ವೈದ್ಯರ ಬಳಿ ಹೋಗಿ. ಸಕ್ಕರೆ ಕಾಯಿಲೆಯವರು ನೋವು ಶುರುವಾದಾಗಲೇ ಹೋಗಬೇಕು, ಮನೆಯಲ್ಲಿ ನಿಪ್ಪರ್ ಹಿಡಿಯಲೇಬಾರದು. ವೈದ್ಯರು ಬೆರಳು ಮರಗಟ್ಟುವ ಇಂಜೆಕ್ಷನ್ ಕೊಟ್ಟು ಉಗುರಿನ ಆ ಅಂಚನ್ನಷ್ಟೇ ತೆಗೆಯುತ್ತಾರೆ. ಆ ಅಂಚು ಮತ್ತೆ ಬೆಳೆಯದಂತೆ ಅವರೇ ಬುಡಕ್ಕೆ ಫಿನಾಲ್ ಎಂಬ ರಾಸಾಯನಿಕ ಹಚ್ಚಿದರೆ ಮತ್ತೆ ಚುಚ್ಚುವ ಸಂಭವ ಬಹಳ ಕಡಿಮೆ.

ಬಳಸಿದ ಮೇಲೆ ಸೋಪಿನಿಂದ ತೊಳೆದು, ಒಣಗಿಸಿ, ಸ್ಪಿರಿಟ್‌ನಲ್ಲಿ ಒರೆಸಿ. ಉಗುರಿನ ಫಂಗಸ್ ಹರಡುವುದರಿಂದ ಮನೆಮಂದಿಗೆಲ್ಲ ಒಂದೇ ನಿಪ್ಪರ್ ಬೇಡ.